ದೆವ್ವ ಮೊದಲೇ ಕಂಡರೆ ಭಯ ಎಲ್ಲಿ?

ಪ್ರಶ್ನೆ: ಚಿತ್ರದುರ್ಗದಲ್ಲಿ ನಾವು ಕೆಲವು ಗೆಳೆಯರು ತಿಂಗಳಿಗೊಮ್ಮೆ ಒಬ್ಬರ ಮನೆ ತಾರಸಿಯಲ್ಲಿ ಸೇರಿ, ಗೋಡೆಗೆ ಪ್ರೊಜೆಕ್ಟರ್ ಬಿಟ್ಟು ಸಿನಿಮಾ ನೋಡುತ್ತೇವೆ. ಈ ಸಲ ಯುದ್ಧದ ಕಾಲದ ಅನಾಥಾಲಯದಲ್ಲಿ ನಡೆಯುವ ದೆವ್ವದ ಕಥೆ, 'ದ ಡೆವಿಲ್ಸ್ ಬ್ಯಾಕ್‌ಬೋನ್' ಹಾಕಿದ್ದೆವು. ಮುಗಿದ ಮೇಲೆ ಜಗಳವೇ ಆಯಿತು. ದೆವ್ವವನ್ನು ಶುರುವಿನಲ್ಲೇ ತೋರಿಸಿಬಿಟ್ಟರೆ ಭಯ ಎಲ್ಲಿ ಉಳಿಯುತ್ತದೆ? ಅಂಗಳದಲ್ಲಿ ಅಷ್ಟು ದೊಡ್ಡ ಬಾಂಬ್ ನೆಟ್ಟು ಕೊನೆಗೂ ಸಿಡಿಸಲಿಲ್ಲ, ಯಾಕೆ? ವಿಲನ್ ಬರೀ ದುಡ್ಡಿನ ಆಸೆಯವನು, ದಮ್ಮಿಲ್ಲ ಅಂತ ಒಬ್ಬ ಗೆಳೆಯನ ವಾದ. ಆ ಯುದ್ಧದ ಬಗ್ಗೆ ಏನೂ ಗೊತ್ತಿಲ್ಲದವರಿಗೆ ಇದು ಅರ್ಥವಾಗುತ್ತದಾ? ನಮ್ಮಲ್ಲಿ ಇಬ್ಬರು ಹುಡುಗರು ಕೋಟೆಯಲ್ಲಿ ಇಂಥದ್ದೇ ಒಂದು ಕಿರುಚಿತ್ರ ತೆಗೆಯುವ ಹುಮ್ಮಸ್ಸಿನಲ್ಲಿದ್ದಾರೆ, ಅವರಿಗೂ ಎರಡು ಮಾತು ಹೇಳಿ. ಹಾಗೇ, ಹಾಸ್ಟೆಲ್ ಮಕ್ಕಳಿಗೆ ಇದನ್ನು ತೋರಿಸಬಹುದಾ?

ಉತ್ತರ: ಜಗಳ ಆಯಿತು ಅಂದರೆ ಯಾರೂ ನಿದ್ದೆ ಮಾಡಿಲ್ಲ ಅಂತಾಯಿತು, ಒಳ್ಳೆಯದೇ. ನೀವು ನೋಡಿ ಮುಗಿಸಿದ್ದೀರಿ, ಹಾಗಾಗಿ ಕಥೆಯನ್ನೆಲ್ಲ ಬಿಚ್ಚಿಯೇ ಮಾತಾಡುತ್ತೇನೆ. ಇನ್ನೂ ನೋಡದವರು ಇಲ್ಲೇ ನಿಲ್ಲಿಸಿ, ನೋಡಿಕೊಂಡು ಬನ್ನಿ.

ಇಲ್ಲ, ಓದಿಯೇ ತೀರುತ್ತೇವೆ ಅನ್ನುವವರಿಗೆ ಕಥೆ ಇಷ್ಟು. 1939, ಸ್ಪೇನಿನ ಅಂತರ್ಯುದ್ಧ ಮುಗಿಯುತ್ತಾ ಬಂದ ಹೊತ್ತು. ಊರಿಂದ ದೂರ, ಒಣ ಬಯಲಿನ ನಡುವೆ ಒಂದು ಅನಾಥಾಲಯ. ಅಲ್ಲಿರುವ ಮಕ್ಕಳು ಹೆಚ್ಚಿನವರು ಸೋಲುತ್ತಿರುವ ಗಣರಾಜ್ಯದ, ಅಂದರೆ ಚುನಾಯಿತ ಸರ್ಕಾರದ, ಕಡೆಯವರ ಮಕ್ಕಳು. ನಡೆಸುವವಳು ಕಾರ್ಮೆನ್, ಅವಳ ಒಂದು ಕಾಲು ಮರದ್ದು. ಜೊತೆಗೆ ವಯಸ್ಸಾದ ಡಾಕ್ಟರ್ ಕಸಾರೆಸ್. ಅಲ್ಲಿಯ ಕೆಲಸಗಾರ ಹಸಿಂತೊ, ಅವನೂ ಅಲ್ಲೇ ಬೆಳೆದ ಅನಾಥ. ಅಲ್ಲಿಗೆ ಕಾರ್ಲೋಸ್ ಅನ್ನುವ ಹುಡುಗನನ್ನು ಬಿಟ್ಟು ಹೋಗುತ್ತಾರೆ. ಅಪ್ಪ ಸತ್ತ ಸುದ್ದಿ ಅವನಿಗೆ ಗೊತ್ತಿಲ್ಲ. ಅವನಿಗೆ ಸಿಕ್ಕ ಮಂಚ ಸಾಂತಿ ಅನ್ನುವ ಹುಡುಗನದ್ದು. ಆ ಸಾಂತಿ ಒಂದು ರಾತ್ರಿ ಕಾಣೆಯಾದವನು ಮತ್ತೆ ಬಂದಿಲ್ಲ. ನಿರ್ದೇಶಕ ಮೆಕ್ಸಿಕೊದ ಗಿಯೆರ್ಮೊ ದೆಲ್ ತೊರೊ. 2001ರ ಸಿನಿಮಾ. ನಿರ್ಮಾಪಕರಲ್ಲಿ ಸ್ಪೇನಿನ ಪೆದ್ರೊ ಅಲ್ಮೊದೊವರ್ ಒಬ್ಬರು.

ಈಗ ದೆವ್ವಕ್ಕೆ ಬರೋಣ. ದೆವ್ವದ ಸಿನಿಮಾದ ಮಾಮೂಲಿ ಲೆಕ್ಕ ನಿಮಗೆಲ್ಲ ಗೊತ್ತೇ ಇದೆ. ಮೊದಲು ಬಾಗಿಲು ಕಿರ್ರ್ ಅನ್ನಬೇಕು, ಆಮೇಲೆ ನೆರಳು, ಆಮೇಲೆ ಕಾಲು, ಮುಖ ಮಾತ್ರ ಕ್ಲೈಮ್ಯಾಕ್ಸಿಗೆ. 'ಇದೆಯೋ ಇಲ್ಲವೋ' ಅನ್ನುವ ಅನುಮಾನವನ್ನೇ ಎರಡು ಗಂಟೆ ಎಳೆಯುವುದು. ಇಲ್ಲಿ ಕಾರ್ಲೋಸ್ ಬಂದಿಳಿದ ದಿನವೇ, ಹಗಲು ಹೊತ್ತಿನಲ್ಲೇ, ಬಾಗಿಲ ಚೌಕಟ್ಟಿನಲ್ಲಿ ಒಬ್ಬ ಹುಡುಗ ನಿಂತಿರುವುದು ಕಾಣುತ್ತದೆ. ಅದಕ್ಕೂ ಮುಂಚೆ, ಟೈಟಲ್‌ಗಿಂತ ಮೊದಲೇ, ತಲೆಯಲ್ಲಿ ರಕ್ತ ಸುರಿಯುತ್ತಾ ನೆಲದ ಮೇಲೆ ಬಿದ್ದ ಹುಡುಗನನ್ನು ತೋರಿಸಿಬಿಟ್ಟಿದ್ದಾರೆ. ಪಕ್ಕದಲ್ಲಿ ಇನ್ನೊಬ್ಬ ಹುಡುಗ. ಆಮೇಲೆ ಹಳದಿ ನೀರಿನೊಳಗೆ ಮುಳುಗುತ್ತಿರುವ ದೇಹ. ಅಂದರೆ ಒಬ್ಬ ಸತ್ತಿದ್ದಾನೆ, ಎಲ್ಲಿ ಸತ್ತ ಅನ್ನುವುದು ಕೂಡ ನಮಗೆ ಕಾರ್ಲೋಸ್‌ಗಿಂತ ಮೊದಲೇ ಗೊತ್ತು. ಉಳಿದ ಪ್ರಶ್ನೆ ಒಂದೇ: ಯಾರು ಮಾಡಿದರು?

ನನ್ನ ಲೆಕ್ಕದಲ್ಲಿ ಸಾಂತಿ ಇಲ್ಲಿ ಫಿರ್ಯಾದಿ. ಕಂಪ್ಲೇಂಟ್ ತಗೊಳ್ಳುವವರು ಯಾರೂ ಇಲ್ಲ, ಅದಕ್ಕೇ ರಾತ್ರಿ ಹೊತ್ತು ಓಡಾಡುತ್ತಾನೆ. ಅವನನ್ನು ಬಚ್ಚಿಟ್ಟು ತೋರಿಸಿದ್ದರೆ ನಾವು ಅವನಿಗೆ ಹೆದರುತ್ತಾ ಕೂರುತ್ತಿದ್ದೆವು. ಬೇಗ ತೋರಿಸಿದ್ದರಿಂದ ಅರ್ಧ ಸಿನಿಮಾದ ಹೊತ್ತಿಗೆ ಆ ಮುಖ ಅಭ್ಯಾಸ ಆಗುತ್ತದೆ. ಅಭ್ಯಾಸ ಆದ ಮೇಲೆ ಪಾಪ ಅನ್ನಿಸುತ್ತದೆ. ನಿರ್ದೇಶಕನಿಗೆ ಬೇಕಾಗಿದ್ದು ಅದೇ.

ನಮ್ಮ ಕಡೆ ಯಾರಿಗಾದರೂ ಗಾಳಿ ಸೋಕಿದೆ ಅಂದರೆ ಹಿರಿಯರು ಮೊದಲು ಏನು ಕೇಳುತ್ತಾರೆ ಹೇಳಿ? 'ಯಾರು ನೀನು? ಏನು ಬೇಕು ನಿನಗೆ?' ನಂಬುವುದು ಬಿಡುವುದು ಬೇರೆ ಮಾತು. ಆದರೆ ಆ ಪ್ರಶ್ನೆಯಲ್ಲಿ ಒಂದು ಮರ್ಯಾದೆ ಇದೆ. ಬಂದವರಿಗೆ ಏನೋ ಬಾಕಿ ಇದೆ, ಆಸೆ ತೀರಿಲ್ಲ, ಕೇಳಿ ಕಳಿಸೋಣ ಅನ್ನುವ ಮರ್ಯಾದೆ. ಕಾರ್ಲೋಸ್ ಮೊದಮೊದಲು ಓಡುತ್ತಾನೆ. ಬಟ್ಟೆ ಇಡುವ ಕೋಣೆಗೆ ನುಗ್ಗಿ ಅಗಳಿ ಹಾಕಿಕೊಂಡು, ಬೀಗದ ತೂತಿನಲ್ಲಿ ಇಣುಕಿದರೆ ಆ ಕಡೆಯಿಂದ ಒಂದು ಕಣ್ಣು. ನಿಮ್ಮ ತಾರಸಿಯಲ್ಲೂ ಅಲ್ಲಿ ಒಂದಿಬ್ಬರಾದರೂ ಬೆಚ್ಚಿಬಿದ್ದಿರಬೇಕು, ಅಲ್ವಾ? ಆದರೆ ಮುಂದೆ ಅದೇ ಹುಡುಗ ತಾನಾಗೇ ಕೆಳಗಿನ ನೀರಿನ ತೊಟ್ಟಿಯ ಹತ್ತಿರ ಹೋಗಿ ನಿಂತು ಕೇಳುತ್ತಾನೆ, ನಿನಗೆ ಏನು ಬೇಕು ಅಂತ. ಉತ್ತರವಾಗಿ ಬರುವುದು ಒಬ್ಬನ ಹೆಸರು. ಹಸಿಂತೊನನ್ನು ಕರೆದುಕೊಂಡು ಬಾ. ಅಲ್ಲಿಂದ ಮುಂದೆ ನಮಗೆ ದೆವ್ವದ ಭಯ ಹೋಗಿ, ಬದುಕಿರುವವನ ಭಯ ಶುರುವಾಗುತ್ತದೆ.

ಸಾಂತಿಯ ರೂಪವನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ. ಮುಖ ಬಿರುಕು ಬಿಟ್ಟ ಪಿಂಗಾಣಿ ಗೊಂಬೆಯದ್ದು. ಹಣೆಯ ಗಾಯದಿಂದ ರಕ್ತ ಕೆಳಗೆ ಸುರಿಯುವುದಿಲ್ಲ, ಹೊಗೆಯಂತೆ ಮೇಲಕ್ಕೆ ತೇಲುತ್ತದೆ. ಅವನ ಸುತ್ತ ಸಣ್ಣ ಸಣ್ಣ ಕಣಗಳು ನಿಧಾನಕ್ಕೆ ಅಲೆಯುತ್ತಿರುತ್ತವೆ. ಯಾಕೆ ಗೊತ್ತಾ? ಅವನು ಸತ್ತದ್ದು ನೀರಿನಲ್ಲಿ. ವರಾಂಡದಲ್ಲಿ ನಡೆದರೂ, ಬಾಗಿಲಲ್ಲಿ ನಿಂತರೂ, ಅವನ ಮೈ ಸುತ್ತ ಆ ತೊಟ್ಟಿಯ ನೀರೇ ಇದೆ. ಸತ್ತ ಜಾಗವನ್ನು ಹೊತ್ತುಕೊಂಡೇ ತಿರುಗುತ್ತಿದ್ದಾನೆ. ಒಂದೂ ಮಾತಿಲ್ಲದೆ ಇಷ್ಟನ್ನು ಹೇಳುವ ದೆವ್ವವನ್ನು ನಾನು ಬೇರೆ ಸಿನಿಮಾದಲ್ಲಿ ನೋಡಿಲ್ಲ. ಹುಡುಗರು ಅವನಿಗೆ ಇಟ್ಟಿರುವ ಹೆಸರೂ ನೋಡಿ: ನಿಟ್ಟುಸಿರು ಬಿಡುವವನು.

ಬಾಂಬಿನ ವಿಷಯಕ್ಕೆ ನಿಮ್ಮ ಗುಂಪು ಸಿಟ್ಟಾಗಿದ್ದು ನನಗೆ ಅರ್ಥವಾಗುತ್ತದೆ. ಅಷ್ಟು ದೊಡ್ಡದು ಅಂಗಳದ ನಡುಮಧ್ಯೆ ಮೂಗು ಕೆಳಗೆ ಮಾಡಿ ನಿಂತಿದೆ. ಸಿಡಿದೇ ಸಿಡಿಯುತ್ತದೆ ಅಂತ ಕಾದಿರಿ. ಆದರೆ ಅದು ಯಾವ ರಾತ್ರಿ ಬಿತ್ತು ಅನ್ನುವುದನ್ನು ನೆನಪು ಮಾಡಿಕೊಳ್ಳಿ. ಸಾಂತಿ ಸತ್ತ ರಾತ್ರಿಯೇ. ಹೈಮೆ ಅನ್ನುವ ಹುಡುಗ, ಎಲ್ಲರಿಗೂ ಜೋರು ಮಾಡುವ ಆ ದಾದಾ, ಕೊಲೆಯನ್ನು ಮರೆಯಲ್ಲಿ ನಿಂತು ಕಣ್ಣಾರೆ ನೋಡಿ ಅಂಗಳಕ್ಕೆ ಓಡಿ ಬರುತ್ತಾನೆ. ಬಾಂಬ್ ಅವನ ಮುಂದೆಯೇ ಬಂದು ನೆಲಕ್ಕೆ ನಾಟುತ್ತದೆ. ಸಿಡಿಯುವುದಿಲ್ಲ. ಅವನೂ ಬಾಯಿ ಬಿಡುವುದಿಲ್ಲ. ಅಲ್ಲಿಂದ ಎರಡೂ ಹಾಗೇ ನಿಂತಿವೆ, ಅಂಗಳದಲ್ಲಿ ಬಾಂಬು, ಹೈಮೆಯ ಹೊಟ್ಟೆಯಲ್ಲಿ ಆ ಸಂಗತಿ.

ದೊಡ್ಡವರು ಬಾಂಬನ್ನು ನಿಷ್ಕ್ರಿಯ ಮಾಡಿಸಿದ್ದೇವೆ ಅನ್ನುತ್ತಾರೆ. ಮಕ್ಕಳು ನಂಬುವುದಿಲ್ಲ. ಕಿವಿ ಇಟ್ಟರೆ ಎದೆ ಬಡಿತ ಕೇಳುತ್ತದೆ ಅನ್ನುತ್ತಾರೆ. ಹೊಲದ ಬದುವಿನ ಕಲ್ಲಿಗೆ ಕುಂಕುಮ ಹಚ್ಚಿ ದೇವರು ಮಾಡಿಕೊಂಡ ಹಾಗೆ ಅವರು ಅದರ ಜೊತೆ ಬಾಳುವುದನ್ನು ಕಲಿತಿದ್ದಾರೆ. ಕಾರ್ಲೋಸ್ ಅದರ ಹತ್ತಿರ ಹೋಗಿ, ಸಾಂತಿ ಎಲ್ಲಿ ಹೇಳು ಅಂತ ಕೇಳಿದಾಗ ಬಾಂಬಿಗೆ ಸುತ್ತಿದ್ದ ಪಟ್ಟಿಯೊಂದು ಬಿಚ್ಚಿ ಗಾಳಿಯಲ್ಲಿ ತೇಲಿ ಹೋಗಿ ದಾರಿ ತೋರಿಸುತ್ತದಲ್ಲ, ಅದು ಇಡೀ ಸಿನಿಮಾದಲ್ಲಿ ನನಗೆ ಅತಿ ಇಷ್ಟವಾದ ಶಾಟ್.

ಇನ್ನು ಸಿಡಿಯಲಿಲ್ಲ ಯಾಕೆ ಅಂದಿರಿ. ಸಿಡಿತ ಆಯಿತಲ್ಲ ಸ್ವಾಮಿ! ಶತ್ರು ವಿಮಾನದಿಂದ ಬಿದ್ದದ್ದು ಠುಸ್ ಆಯಿತು. ಅನಾಥಾಲಯವನ್ನು ಸುಟ್ಟಿದ್ದು ಒಳಗಿನವನು, ಪೆಟ್ರೋಲ್ ಸುರಿದು, ತನ್ನ ಕೈಯಾರೆ. ಅಂತರ್ಯುದ್ಧ ಅಂದರೆ ಏನು ಅಂತ ಪಾಠ ಮಾಡದೆ ಹೇಳುವ ರೀತಿ ಇದು. ಆಕಾಶದ ಕಡೆ ನೋಡುತ್ತಾ ಕೂತವರಿಗೆ ಅಡುಗೆಮನೆಯ ಕಡೆಯಿಂದ ಬೆಂಕಿ ಬಂತು.

ಹಸಿಂತೊಗೆ ದಮ್ಮಿಲ್ಲ ಅನ್ನುವ ನಿಮ್ಮ ಗೆಳೆಯನ ಮಾತನ್ನು ನಾನು ಒಪ್ಪುವುದಿಲ್ಲ. ಅವನಿಗೆ ಬೇಕಾಗಿರುವುದು ಚಿನ್ನ, ನಿಜ. ಗಣರಾಜ್ಯದ ಹೋರಾಟಕ್ಕೆ ಅಂತ ಬಚ್ಚಿಟ್ಟಿರುವ ಗಟ್ಟಿಗಳು. ಆದರೆ ಅವನು ತಿಜೋರಿ ಹುಡುಕುತ್ತಾ ಅಲ್ಲಿ ತನ್ನ ಬಾಲ್ಯವನ್ನೂ ಹುಡುಕುತ್ತಿರುತ್ತಾನೆ. ಕೊನೆಯ ಭಾಗದಲ್ಲಿ ಅವನ ಕೈಗೆ ಹಳೆಯ ಫೋಟೋಗಳು ಸಿಗುತ್ತವಲ್ಲ, ಅಪ್ಪ ಅಮ್ಮನ ಜೊತೆ ಮಗುವಾಗಿದ್ದಾಗಿನವು, ಅಲ್ಲಿ ಅವನ ಮುಖ ನೋಡಿ. ಆ ಮನೆಯನ್ನು ಅವನಷ್ಟು ದ್ವೇಷ ಮಾಡುವವರಿಲ್ಲ, ಅವನಷ್ಟು ಅದಕ್ಕೆ ಅಂಟಿಕೊಂಡವರೂ ಇಲ್ಲ. ಅದೇ ಅನಾಥಾಲಯದಲ್ಲಿ ಅದೇ ಗಂಜಿ ಕುಡಿದು ಬೆಳೆದ ಒಬ್ಬ ಹಸಿಂತೊ ಆದ. ಕಾರ್ಲೋಸ್, ಹೈಮೆ ಏನಾಗುತ್ತಾರೋ ಅನ್ನುವುದೇ ನನಗೆ ಈ ಸಿನಿಮಾದ ದೊಡ್ಡ ಆತಂಕ. ಚಿನ್ನವೂ ಎಲ್ಲಿತ್ತು ನೋಡಿ: ತಿಜೋರಿಯಲ್ಲಿ ಅಲ್ಲ, ಕಾರ್ಮೆನ್‌ಳ ಮರದ ಕಾಲಿನೊಳಗೆ. ದಿನಾ ಅವನ ಕಣ್ಣೆದುರೇ ಕುಂಟುತ್ತಾ ಓಡಾಡುತ್ತಿತ್ತು. ಕೊನೆಗೆ ಅದೇ ಚಿನ್ನ ಸೊಂಟಕ್ಕೆ ಭಾರವಾಗಿ ಅವನನ್ನು ತೊಟ್ಟಿಯ ತಳಕ್ಕೆ ಎಳೆಯುತ್ತದೆ, ಅಲ್ಲಿ ಸಾಂತಿ ಕಾಯುತ್ತಿರುತ್ತಾನೆ.

ಒಂದು ಸಣ್ಣ ವಿಷಯ, ಎಷ್ಟೋ ಜನ ಗಮನಿಸುವುದಿಲ್ಲ. ಹುಡುಗರು ಕೋಲು ಚೂಪು ಮಾಡಿಕೊಂಡು ಗುಂಪಾಗಿ ಹಸಿಂತೊನ ಮೇಲೆ ಬೀಳುತ್ತಾರಲ್ಲ, ಅದನ್ನು ಅವರಿಗೆ ಹೇಳಿಕೊಟ್ಟಿದ್ದು ಯಾರು? ಕಾರ್ಮೆನ್ ಟೀಚರ್. ಕ್ಲಾಸಿನಲ್ಲಿ ಆದಿಮಾನವರು ದೈತ್ಯ ಆನೆಯನ್ನು ಒಟ್ಟಾಗಿ ಬೇಟೆಯಾಡುತ್ತಿದ್ದ ಪಾಠ ಇತ್ತು. ಒಬ್ಬರಿಂದ ಆಗದ ಕೆಲಸ ಗುಂಪಿನಿಂದ ಆಗುತ್ತದೆ ಅನ್ನುವ ಪಾಠ. ಮಕ್ಕಳು ಅದನ್ನು ಕಲಿತರು. ಹೆಮ್ಮೆ ಪಡಬೇಕೋ ಹೆದರಬೇಕೋ ಗೊತ್ತಾಗುವುದಿಲ್ಲ.

ಡಾಕ್ಟರ್ ಕಸಾರೆಸ್ ಬಗ್ಗೆಯೂ ಹೇಳಲೇಬೇಕು. ಅವರ ಕೋಣೆಯಲ್ಲಿ ಬೆನ್ನುಹುರಿಯ ದೋಷದಿಂದ ಸತ್ತ ಭ್ರೂಣಗಳನ್ನು ಜಾಡಿಯಲ್ಲಿ ಇಟ್ಟಿದ್ದಾರೆ. ಸಿನಿಮಾದ ಹೆಸರು, 'ದೆವ್ವದ ಬೆನ್ನೆಲುಬು', ಬಂದದ್ದು ಅಲ್ಲಿಂದಲೇ. ಆ ಜಾಡಿಯ ರಮ್ಮನ್ನು ಊರವರು ಗಂಡಸ್ತನಕ್ಕೆ ಮದ್ದು ಅಂತ ಕೊಂಡು ಕುಡಿಯುತ್ತಾರೆ. ತಾನು ವಿಜ್ಞಾನದ ಮನುಷ್ಯ, ಇದೆಲ್ಲ ಮೂಢನಂಬಿಕೆ, ದೆವ್ವ ಗಿವ್ವ ಏನೂ ಇಲ್ಲ ಅಂತ ಹುಡುಗನಿಗೆ ಹೇಳುತ್ತಾರೆ. ಹುಡುಗ ಆ ಕಡೆ ಹೋದ ತಕ್ಷಣ ತಾವೇ ಒಂದು ಗುಟುಕು ಏರಿಸುತ್ತಾರೆ! ಇದೇ ಡಾಕ್ಟರ್ ಕೊನೆಗೆ ಬಂದೂಕು ಹಿಡಿದು ಕಿಟಕಿಯ ಹತ್ತಿರ ಕೂತಲ್ಲೇ ಸಾಯುತ್ತಾರೆ. ಸತ್ತ ಮೇಲೂ ಮಕ್ಕಳನ್ನು ಬಿಟ್ಟು ಹೋಗುವುದಿಲ್ಲ. ಹಸಿಂತೊ ಮಕ್ಕಳನ್ನು ಕೂಡಿಹಾಕಿದ್ದ ಕೋಣೆಯ ಬಾಗಿಲು ತೆರೆದವರು ಅವರೇ. ಸಿನಿಮಾ ಶುರುವಾಗುವಾಗ 'ದೆವ್ವ ಅಂದರೆ ಏನು' ಅಂತ ಕೇಳುವ ದನಿ ಕೂಡ ಅವರದ್ದೇ. ಅಂದರೆ ಮೊದಲ ನಿಮಿಷದಿಂದ ನಮಗೆ ಕಥೆ ಹೇಳುತ್ತಿದ್ದವರೇ ದೆವ್ವ. ಶುರುವಿನಲ್ಲೇ ದೆವ್ವ ತೋರಿಸಿದರು ಅಂತ ಜಗಳ ಮಾಡಿದಿರಲ್ಲ, ನೀವು ಅಂದುಕೊಂಡಿದ್ದಕ್ಕಿಂತ ಬೇಗ ಬಂದಿತ್ತು ಅದು.

ಯುದ್ಧದ ಇತಿಹಾಸ ಎಷ್ಟು ಬೇಕು? ತೀರಾ ಕಮ್ಮಿ. 1936ರ ಜುಲೈನಲ್ಲಿ ಚುನಾಯಿತ ಸರ್ಕಾರದ ವಿರುದ್ಧ ಸೇನಾಧಿಕಾರಿಗಳು ದಂಗೆ ಎದ್ದರು. ಅವರ ನಾಯಕನಾಗಿ ಫ್ರಾಂಕೊ ಬೆಳೆದ. ಹಿಟ್ಲರ್, ಮುಸೊಲಿನಿ ಅವನಿಗೆ ವಿಮಾನ, ಸೈನಿಕರನ್ನು ಕಳಿಸಿದರು. ಸರ್ಕಾರದ ಕಡೆಗೆ ಸೋವಿಯತ್ ನೆರವು ಬಂತು, ಜೊತೆಗೆ ಬೇರೆ ಬೇರೆ ದೇಶಗಳಿಂದ ಸ್ವಯಂಸೇವಕರು ಬಂದು ಕಾದಾಡಿದರು. ಡಾಕ್ಟರ್ ಪೇಟೆಗೆ ಹೋದಾಗ ಸಾಲಾಗಿ ನಿಲ್ಲಿಸಿ ಗುಂಡು ಹೊಡೆಯುವುದನ್ನು ನೋಡುತ್ತಾರಲ್ಲ, ಸಾಯುವವರಲ್ಲಿ ಅಂಥವರೂ ಇದ್ದಾರೆ. 1939ರ ಏಪ್ರಿಲ್ 1ಕ್ಕೆ ಯುದ್ಧ ಮುಗಿಯಿತು, ಫ್ರಾಂಕೊ ಗೆದ್ದ. ನಮಗೂ ಇದು ಪೂರ್ತಿ ದೂರದ ಸಂಗತಿ ಆಗಿರಲಿಲ್ಲ. 1938ರಲ್ಲಿ ನೆಹರೂ, ಕೃಷ್ಣ ಮೆನನ್ ಬಾಂಬು ಬೀಳುತ್ತಿದ್ದ ಬಾರ್ಸಿಲೋನಾಕ್ಕೆ ಹೋಗಿ ಬಂದಿದ್ದರು.

ಮಕ್ಕಳ ಪಾಡು ಮಾತ್ರ ಸ್ವಲ್ಪ ತಿಳಿದಿರಲಿ. 1937ರ ಮೇ ತಿಂಗಳಲ್ಲಿ ಬಾಸ್ಕ್ ಪ್ರದೇಶದ ಸುಮಾರು 4,000 ಮಕ್ಕಳನ್ನು ಒಂದೇ ಹಡಗಿನಲ್ಲಿ ಇಂಗ್ಲೆಂಡಿಗೆ ಸಾಗಿಸಿದರು. ಅದೇ ವರ್ಷ 450ಕ್ಕೂ ಜಾಸ್ತಿ ಮಕ್ಕಳು ಮೆಕ್ಸಿಕೊದ ಮೊರೇಲಿಯಾ ಪಟ್ಟಣ ಸೇರಿದರು. ಸ್ವಲ್ಪ ದಿನದ ಮಟ್ಟಿಗೆ ಅಂತ ಕಳಿಸಿದ್ದು. ಎಷ್ಟೋ ಮಕ್ಕಳು ವಾಪಸ್ ಬರಲೇ ಇಲ್ಲ. ಯುದ್ಧ ಮುಗಿದ ಮೇಲೂ ಸಾವಿರಾರು ಸ್ಪೇನಿಗರು ಮೆಕ್ಸಿಕೊಕ್ಕೆ ಬಂದು ನೆಲೆಸಿದರು. ಹಾಗಾಗಿ ಮೆಕ್ಸಿಕೊದ ನಿರ್ದೇಶಕನಿಗೆ ಇದು ಪರದೇಶದ ಕಥೆ ಏನಲ್ಲ.

ಇನ್ನೊಂದು. ಫ್ರಾಂಕೊ 1975ರಲ್ಲಿ ಸಾಯುವವರೆಗೆ ಸೋತ ಕಡೆಯವರ ಹೆಣಗಳ ಬಗ್ಗೆ ಮಾತೆತ್ತುವ ಹಾಗಿರಲಿಲ್ಲ. ಆಮೇಲೂ ಹಳೆಯದನ್ನು ಕೆದಕುವುದು ಬೇಡ ಅಂತ ಸುಮ್ಮನಿದ್ದರು. 2000ದಲ್ಲಿ ಪ್ರಿಯರಾಂಜಾ ದೆಲ್ ಬಿಯೆರ್ಜೊ ಅನ್ನುವ ಊರಿನ ಹತ್ತಿರ ರಸ್ತೆ ಬದಿಯ ಗುಂಡಿ ಅಗೆದು, ಗುಂಡೇಟಿಗೆ ಸತ್ತವರ ಮೂಳೆಗಳನ್ನು ಮೊಮ್ಮಕ್ಕಳು ಹೊರತೆಗೆಸಿದರು. ಅದರ ಮರುವರ್ಷ ಈ ಸಿನಿಮಾ ಬಂತು. ತೊಟ್ಟಿಯ ತಳದಲ್ಲಿರುವ ಹುಡುಗ ಅಲ್ಲಿಯ ಪ್ರೇಕ್ಷಕರಿಗೆ ಬರೀ ದೆವ್ವವಾಗಿ ಕಂಡಿರಲಾರ.

ಹಾಗಂತ ಎಲ್ಲವೂ ಸರಿ ಇದೆ ಅಂತಲ್ಲ. ಅನಾಥಾಲಯದಲ್ಲೇ ಕೆಲಸ ಮಾಡುವ, ಹಸಿಂತೊನನ್ನು ಮದುವೆಯಾಗಬೇಕಿದ್ದ ಕೊಂಚಿತಾ ಪಾತ್ರವನ್ನು ಅರೆಬರೆ ಬಿಟ್ಟಿದ್ದಾರೆ. ರಸ್ತೆಯಲ್ಲಿ ಹಸಿಂತೊನ ಎದುರು ನಿಂತು ಕ್ಷಮೆ ಕೇಳಲು ಒಪ್ಪದೆ ಸಾಯುವ ಆ ಒಂದು ದೃಶ್ಯಕ್ಕೋಸ್ಕರವೇ ಅವಳನ್ನು ಇಟ್ಟುಕೊಂಡ ಹಾಗಿದೆ. ಕಾರ್ಮೆನ್ ಮತ್ತು ಡಾಕ್ಟರ್ ನಡುವಿನ ಪ್ರೀತಿ ಮಾತ್ರ ಅದ್ಭುತ, ಗೋಡೆಯ ಆಚೆ ಈಚೆ ಇದ್ದುಕೊಂಡೇ.

ಈಗ ನಿಮ್ಮ ಹುಡುಗರಿಗೆ. ಕೋಟೆ ಬೇಡ ಅನ್ನುವುದು ನನ್ನ ಮೊದಲ ಮಾತು. ಅದು ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಶೂಟಿಂಗಿಗೆ ಪರ್ಮಿಷನ್ ಬೇಕು, ಸಂಜೆ ಆದರೆ ಎಲ್ಲರನ್ನೂ ಹೊರಗೆ ಕಳಿಸುತ್ತಾರೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ಏಳು ಸುತ್ತಿನ ಕೋಟೆ ಪರದೆ ಮೇಲೆ ಬಂದ ಕೂಡಲೇ ನೋಡುವವರ ತಲೆಗೆ ಮದಕರಿ ನಾಯಕ, ಓಬವ್ವ, ಹೈದರಾಲಿ ಎಲ್ಲ ಬಂದುಬಿಡುತ್ತಾರೆ. ನಿಮ್ಮ ಪುಟ್ಟ ಕಥೆಗೆ ಅಲ್ಲಿ ಜಾಗ ಸಿಗುವುದಿಲ್ಲ. ದಾವಣಗೆರೆಯಲ್ಲಿ ನನ್ನ ವಿದ್ಯಾರ್ಥಿಗಳೂ ದೆವ್ವ ಅಂದರೆ ಸಾಕು, ಮುಚ್ಚಿಹೋದ ಹತ್ತಿ ಮಿಲ್ಲಿನ ಕಡೆ ಓಡುತ್ತಾರೆ. ಜಾಗವೇ ಹೆದರಿಸಲಿ ಅನ್ನುವ ಸೋಮಾರಿತನ ಅದು.

ಹಳೆಯ ಹಾಸ್ಟೆಲ್ಲಿನ ಒಂದು ವರಾಂಡ, ಸಾಲು ಮಂಚ, ಅದರಲ್ಲಿ ಹಾಸಿಗೆ ಸುತ್ತಿಟ್ಟ ಒಂದು ಖಾಲಿ ಮಂಚ. ಇಷ್ಟು ಸಾಕು. ಕತ್ತಲೂ ಬೇಕಿಲ್ಲ. ಈ ಸಿನಿಮಾದಲ್ಲಿ ಬಿಸಿಲು ಎಷ್ಟಿದೆ ನೋಡಿದಿರಲ್ಲ. ಮಟಮಟ ಮಧ್ಯಾಹ್ನ ಒಬ್ಬರೇ ಬಯಲಿಗೆ ಹೋಗಬೇಡಿ ಅಂತ ಅಜ್ಜಿಯರು ಹೆದರಿಸುತ್ತಿದ್ದರು. ದುರ್ಗದ ಬಂಡೆಗಳ ಮೇಲೆ ಬೇಸಿಗೆಯ ಹನ್ನೆರಡು ಗಂಟೆಯ ಬಿಸಿಲು ಯಾವ ಅಮಾವಾಸ್ಯೆಗೂ ಕಮ್ಮಿ ಇಲ್ಲ. ಮೊಬೈಲಿನಲ್ಲೇ ತೆಗೆಯುವುದಾದರೆ ಎಕ್ಸ್‌ಪೋಶರ್ ಲಾಕ್ ಮಾಡಿ, ಒಳಗಿನ ಮುಖಕ್ಕೆ ಹೊಂದಿಸಿ. ಹೊರಗಿನ ಬಿಸಿಲು ಪೂರ್ತಿ ಬೆಳ್ಳಗೆ ಉರಿಯಲಿ. ಬಾಗಿಲಲ್ಲಿ ನಿಂತವನ ಆಕಾರ ಮಾತ್ರ ಕಾಣುತ್ತದೆ.

ಶಬ್ದವನ್ನು ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಿ. ಸಂಪಿನ ಮುಚ್ಚಳ ಎಳೆಯುವ ಸದ್ದು, ಖಾಲಿ ಬಕೆಟಿಗೆ ಹನಿ ಬೀಳುವ ಸದ್ದು, ಶೀಟಿನ ಮೇಲೆ ಗಾಳಿ. ಮ್ಯೂಸಿಕ್ ಆಮೇಲೆ ನೋಡಿದರಾಯಿತು. ನೀರಿನ ದೃಶ್ಯ ಬೇಕೇ ಬೇಕು ಅಂದರೆ ಅಕ್ಕ ತಂಗಿ ಹೊಂಡದಲ್ಲಾಗಲಿ ಬೇರೆ ಹೊಂಡದಲ್ಲಾಗಲಿ ಯಾರನ್ನೂ ಇಳಿಸಬೇಡಿ. ಸಂಪಿನೊಳಗಂತೂ ಖಂಡಿತ ಬೇಡ, ಮುಚ್ಚಿದ ತೊಟ್ಟಿಯಲ್ಲಿ ಉಸಿರಾಡುವ ಗಾಳಿ ಇಲ್ಲದೆ ಜೀವ ಹೋಗುತ್ತದೆ. ಅಗಲವಾದ ಒಂದು ಪ್ಲಾಸ್ಟಿಕ್ ಟಬ್ಬು, ಅದಕ್ಕೆ ಸ್ವಲ್ಪ ಟೀ ಡಿಕಾಕ್ಷನ್, ಮೇಲಿಂದ ಕ್ಯಾಮೆರಾ. ಆ ಹಳದಿ ನೀರು ಸಿಕ್ಕಿಬಿಡುತ್ತದೆ.

ಮತ್ತೆ, ಬರೆಯಲು ಕೂರುವ ಮುಂಚೆ ನಿಮ್ಮ ದೆವ್ವಕ್ಕೆ ಏನು ಬೇಕು ಅನ್ನುವುದನ್ನು ಒಂದು ಸಾಲಿನಲ್ಲಿ ಬರೆದಿಡಿ. ಆ ಸಾಲು ಹುಟ್ಟದಿದ್ದರೆ ಸುಮ್ನೆ ಬಾಗಿಲು ಬಡಿಯುವುದೇ ಆಗುತ್ತದೆ.

ಹಾಸ್ಟೆಲ್ ಮಕ್ಕಳ ವಿಷಯ. ಹೈಸ್ಕೂಲಿನವರಿಗೂ ಬೇಡ, ಅದಕ್ಕಿಂತ ಚಿಕ್ಕವರಿಗೂ ಬೇಡ. ಅಮೆರಿಕದಲ್ಲೂ ಇದಕ್ಕೆ ಕೊಟ್ಟಿದ್ದು ದೊಡ್ಡವರ ಜೊತೆ ನೋಡಬೇಕಾದ 'ಆರ್' ದರ್ಜೆಯನ್ನೇ. ಮಂಚದ ದೃಶ್ಯಗಳಿವೆ, ಮಗುವಿನ ಕೊಲೆ ನೇರವಾಗಿ ಇದೆ, ಬೆಂಕಿಯಲ್ಲಿ ಮಕ್ಕಳು ಸಾಯುತ್ತಾರೆ. ಪಿಯು ಎರಡನೇ ವರ್ಷ ದಾಟಿದವರಿಗೆ ತೋರಿಸಬಹುದು, ಆದರೆ ಆಟ ಮುಗಿದ ಮೇಲೆ ಅರ್ಧ ಗಂಟೆ ಮಾತಾಡಲು ಒಬ್ಬರು ಅಲ್ಲಿರಬೇಕು. ಮನೆ ಬಿಟ್ಟು ಬಂದು ಹೊಸದಾಗಿ ಸೇರಿದ ಹುಡುಗರಿದ್ದರೆ ಶುರುವಿನ ತಿಂಗಳಲ್ಲಿ ಹಾಕಲೇಬೇಡಿ. ಕಾರ್ಲೋಸ್‌ನನ್ನು ಇಳಿಸಿ ಕಾರು ಹೊರಟುಬಿಡುತ್ತದಲ್ಲ, ಅವನು ಹಿಂದೆ ಓಡುತ್ತಾನಲ್ಲ, ಅವರಿಗೆ ಆ ದೃಶ್ಯವೇ ದೆವ್ವಕ್ಕಿಂತ ಜಾಸ್ತಿ ಕಾಡುತ್ತದೆ.